ದ್ಯಾಮಪ್ಪಜ್ಜನ ಸ್ವಿಚ್ಚು

ನಾನು ಒಂದು ನೀರಿನ ಫಿಲ್ಟರು. ಜನ ಆರ್‌ಓ ಎನ್ನುತ್ತಾರೆ. ಹುಟ್ಟಿದ್ದು ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ. ದೊಡ್ಡ ಕಂಪನಿಯ ಕೂಸು ನಾನಲ್ಲ. ಪಂಪು ಒಂದು ಊರಿನದು, ಪೈಪುಗಳು ಇನ್ನೊಂದು ಊರಿನವು, ಮೈಮೇಲಿನ ನೀಲಿ ಡಬ್ಬಿ ಎಲ್ಲಿಯದೋ ದೇವರಿಗೇ ಗೊತ್ತು. ಇಬ್ಬರು ಹುಡುಗಿಯರು ತಮ್ಮ ಅತ್ತೆಯಂದಿರನ್ನು ಬೈದುಕೊಳ್ಳುತ್ತಾ, ನಗುತ್ತಾ ನನ್ನನ್ನು ಜೋಡಿಸಿ ಮುಗಿಸಿದರು. ಕೊನೆಯ ಸ್ಕ್ರೂ ಬಿಗಿದವಳು ಬೆನ್ನಿಗೊಂದು ಏಟು ಕೊಟ್ಟಳು. ಆಗಲೇ ನಾನು ಮೊದಲ ಸಲ ಗುಂಯ್ ಎಂದದ್ದು.

ನನ್ನ ಗುಣದೋಷಗಳನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ಸವಳು ನೀರು ಕೊಟ್ಟರೆ ಸಿಹಿನೀರು ಮಾಡಿ ಕೊಡುತ್ತೇನೆ. ಆದರೆ ಒಂದು ಕೊಡ ಕೊಡುವಷ್ಟರಲ್ಲಿ ಎರಡು ಕೊಡ ಹೊರಗೆ ಚೆಲ್ಲಿರುತ್ತೇನೆ. ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ನನಗೆ ನಿಲ್ಲುವುದು ಗೊತ್ತಿರಲಿಲ್ಲ. ದುಬಾರಿ ಫಿಲ್ಟರುಗಳು ಹೊಟ್ಟೆ ತುಂಬಿದ ಕೂಡಲೇ ತಾವಾಗಿ ಸುಮ್ಮನಾಗುತ್ತವಂತೆ. ನನಗೆ ಹೊಟ್ಟೆಯೇ ಇರಲಿಲ್ಲ. ಒಂದು ಪೈಪಿನಿಂದ ಒಳ್ಳೆಯ ನೀರು ಪಕ್ಕದ ಡ್ರಮ್ಮಿಗೆ, ಇನ್ನೊಂದರಿಂದ ಹೊಲಸು ನೀರು ಬಕೆಟ್ಟಿಗೆ. ಡ್ರಮ್ಮು ತುಂಬಿದಾಗ ಯಾರಾದರೂ ಬಂದು ಸ್ವಿಚ್ಚು ತೆಗೆಯಬೇಕು. ತೆಗೆಯದಿದ್ದರೆ ಸುರಿಸುತ್ತಲೇ ಇರುವವನು ನಾನು.

ಮೊದಲು ಗದಗಿನ ಒಂದು ಖಾನಾವಳಿಯ ಗೋಡೆಯ ಮೇಲಿದ್ದೆ. ಅಲ್ಲಿ ನನ್ನನ್ನು ನೋಡಿದವರು ಕಡಿಮೆ, ಬೈದವರು ಬಹಳ. ಖಾನಾವಳಿ ಮುಚ್ಚಿತು. ಬೆಟಗೇರಿಯ ಈರಣ್ಣ ನನ್ನನ್ನು ಸೈಕಲ್ಲಿನ ಮೇಲೆ ಕಟ್ಟಿಕೊಂಡು ತನ್ನ ಮನೆಗೆ ತಂದ. ಅವನು ಪವರ್‌ಲೂಮಿನಲ್ಲಿ ಸೀರೆ ನೇಯುವವನು. ಮನೆಯ ಬೋರಿನ ನೀರು ಬಾಯಿಗೆ ಹಾಕುವಂತಿರಲಿಲ್ಲ. ಈರಣ್ಣನ ಹೆಂಡತಿ ಸುವರ್ಣಾ ನನಗೆ ಅರಿಷಿಣ ಕುಂಕುಮ ಹಚ್ಚಿ ಅಡುಗೆಮನೆಯ ಗೋಡೆಗೆ ಏರಿಸಿದಳು. ನನ್ನ ಜನ್ಮದಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಅದು.

ಅದೇ ವರ್ಷ ಸುವರ್ಣಾಳ ಅಪ್ಪ ದ್ಯಾಮಪ್ಪಜ್ಜ ಆ ಮನೆಗೆ ಬಂದ. ಅಜ್ಜಿ ತೀರಿಕೊಂಡಿದ್ದಳು, ಗಂಡುಮಕ್ಕಳಿರಲಿಲ್ಲ. ಅಜ್ಜ ಜೀವಮಾನವಿಡೀ ಊರಿಗೆ ನೀರು ಬಿಡುವ ವಾಲ್‌ಮನ್ ಆಗಿದ್ದವನು. ಓಣಿ ಓಣಿಯ ವಾಲು ತಿರುಗಿಸಿ, ಈ ಗಲ್ಲಿಗೆ ಬಿಟ್ಟು ಆ ಗಲ್ಲಿಗೆ ಬಂದ್ ಮಾಡಿ, ಎರಡೂ ಕಡೆಯವರಿಂದ ಬೈಸಿಕೊಂಡು ಮುದುಕನಾದವನು. ಬಂದ ದಿನ ಕೈಚೀಲವನ್ನು ಕೆಳಗಿಡದೆ ಹೊಸ್ತಿಲಲ್ಲೇ ನಿಂತ.

"ಮಗಳ ಮನ್ಯಾಗ ಕೈಕಟ್ಟಿ ಕುಂತು ಉಣ್ಣೂದು ನನ್ನಿಂದ ಆಗೂದಿಲ್ಲವ್ವಾ. ಏನರ ಒಂದು ಕೆಲಸಾ ಕೊಡು, ಇರ್ತೀನಿ. ಇಲ್ಲಂದ್ರ ಹೊಳ್ಳಿ ಊರಿಗೆ ಹೋಗ್ತೀನಿ."

ಸುವರ್ಣಾಳಿಗೆ ನಗು ಬಂತು. ಸುತ್ತ ನೋಡಿ ನನ್ನ ಕಡೆ ಬೆರಳು ಮಾಡಿದಳು. "ಆತಪಾ, ಈ ಫಿಲ್ಟರ್ ಹಚ್ಚೂದು ಬಂದ್ ಮಾಡೂದು ಇನ್ನ ಮ್ಯಾಲೆ ನಿಂದ. ಬಾ ಒಳಗ."

ಅವಳು ಅದನ್ನು ಮಾತಿಗೆ ಹೇಳಿ ಮರೆತಳು. ಅಜ್ಜ ಮರೆಯಲಿಲ್ಲ. ಮಗಳ ಮನೆಯ ಅನ್ನ ಪುಕ್ಕಟೆ ತಿನ್ನಬಾರದೆಂಬುದು ಅವನ ತಲೆಯೊಳಗೆ ಅಪ್ಪನ ಕಾಲದಿಂದ ಕೂತ ಮಾತು. ಅದಕ್ಕೇ ಒಂದು ಕಟ್ಟುಪಾಡು ಮಾಡಿಕೊಂಡ. ಮುಂಜಾನೆ ಸ್ವಿಚ್ಚು ಹಾಕಿ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರುತ್ತಿದ್ದ. ಕಣ್ಣು ಮುಚ್ಚಿಕೊಂಡೇ ಡ್ರಮ್ಮಿನ ಸದ್ದು ಕೇಳುತ್ತಿದ್ದ. ತುಂಬುತ್ತಾ ಬಂದ ಹಾಗೆ ಸದ್ದು ಸಣ್ಣಗಾಗುತ್ತದೆ. ಆಗ ಬಾಗಿಲ ಚೌಕಟ್ಟು ಹಿಡಿದು, ಮೊಣಕಾಲಿಗೊಂದು ಬೈಗುಳ ಹಾಕಿ ಎದ್ದು, ಸ್ವಿಚ್ಚು ತೆಗೆಯುತ್ತಿದ್ದ. ಹೊಲಸು ನೀರಿನ ಬಕೆಟ್ಟನ್ನು ಭಾಂಡೆ ತೊಳೆಯುವಲ್ಲಿಗೆ ಸರಿಸುತ್ತಿದ್ದ. ಆಮೇಲೆಯೇ ರೊಟ್ಟಿಯ ತಾಟಿನ ಮುಂದೆ ಕೂರುವುದು. ಅದಕ್ಕೆ ಮೊದಲು ಎಷ್ಟು ಕರೆದರೂ "ಇನ್ನಾ ತುಂಬಿಲ್ಲ" ಎನ್ನುತ್ತಿದ್ದ.

ಆ ದಿನಗಳಲ್ಲಿ ನನಗೆ ಬಹಳ ಸುಖವಿತ್ತು. ಅಜ್ಜ ನನ್ನೊಡನೆ ಮಾತಾಡುತ್ತಿದ್ದ. "ಏನಲೇ, ಇವತ್ತು ಭಾಳ ಕುಂಟಾಕತ್ತಿ?" ಎಂದು ಗದರುತ್ತಿದ್ದ. ಊರನ್ನೇ ಆಳಿದ ವಾಲ್‌ಮನ್ನಿನ ಕೈಕೆಳಗೆ ಇದ್ದೇನೆಂದು ನಾನೂ ಸ್ವಲ್ಪ ಬೀಗುತ್ತಿದ್ದೆ.

ಹಾಗೆಯೇ ಇದ್ದಿದ್ದರೆ ಏನು ಕೆಡುತ್ತಿತ್ತು? ಏನೂ ಇಲ್ಲ. ಆದರೆ ಮಗಳಿಗೆ ಅಪ್ಪನ ಮೊಣಕಾಲು ಕಾಣುತ್ತಿತ್ತು. ಅಜ್ಜ ಕ್ಷೌರಕ್ಕೆ ಹೋಗಿದ್ದ ಒಂದು ದಿನ ನನ್ನೊಳಗಿನ ನೀರು ಸೋಸುವ ಮೆಂಬ್ರೇನು ಬದಲಿಸಲು ಮೆಕ್ಯಾನಿಕ್ ಬಂದ. ನನ್ನ ಮೈ ಬಿಚ್ಚಿ ಕಟ್ಟುತ್ತಾ ಹೇಳಿದ, "ಅಕ್ಕಾರ, ಇದಕ್ಕೊಂದು ಆಟೋಮ್ಯಾಟಿಕ್ ಕುಂಡ್ರಿಸಿಬಿಡ್ರಿ. ತುಂಬಿದ ಕೂಡ್ಲೆ ತಾನ ಬಂದ್ ಆಕ್ಕೈತಿ. ಪಾಪ, ಅಜ್ಜಾರು ಎಷ್ಟಂತ ಎದ್ದು ಬರ್ತಾರ?"

ಸುವರ್ಣಾ ಖಾಲಿ ಸ್ಟೂಲನ್ನೊಮ್ಮೆ ನೋಡಿದಳು. "ಹಾಕ್ರಿ ಹಂಗಾರ. ಇನ್ನ ಅಪ್ಪ ಆರಾಮ ಇರ್ಲಿ" ಎಂದಳು. ಪ್ರೀತಿಯಿಂದಲೇ ಹೇಳಿದಳು. ನಾನು ಕಣ್ಣಾರೆ ಕಂಡಿದ್ದೇನೆ, ಅದರಲ್ಲಿ ಬೇರೇನೂ ಇರಲಿಲ್ಲ.

ಮೆಕ್ಯಾನಿಕ್ ಡ್ರಮ್ಮಿನೊಳಗೆ ಒಂದು ತೇಲುವ ಗುಂಡು ಇಳಿಬಿಟ್ಟ. ಅದರ ವೈರನ್ನು ನನ್ನ ಕರೆಂಟಿಗೆ ಜೋಡಿಸಿದ. ನೀರು ಏರಿದರೆ ಗುಂಡು ಏರುತ್ತದೆ, ಗುಂಡು ಏರಿದರೆ ಕರೆಂಟು ಹೋಗುತ್ತದೆ. ನೀರು ಇಳಿದರೆ ಮತ್ತೆ ನಾನೇ ಶುರು. ಅಷ್ಟೇ ವಿದ್ಯೆ. ಅದು ಬಂತೆಂದು ನನಗೆ ಜಂಬವೂ ಬಂತು. ದುಬಾರಿ ಫಿಲ್ಟರುಗಳ ಸಾಲಿಗೆ ಸೇರಿದೆ ಎಂದುಕೊಂಡೆ.

ಅಜ್ಜ ಮನೆಗೆ ಬಂದವನು ನಾನು ಗುಂಯ್‌ಗುಡುವುದನ್ನು ಕೇಳಿ ಮಗಳೇ ಹಚ್ಚಿರಬೇಕೆಂದು ಸ್ಟೂಲಿನ ಮೇಲೆ ಕೂತ. ಸದ್ದು ಸಣ್ಣಗಾಯಿತು. ಚೌಕಟ್ಟು ಹಿಡಿದು ಎದ್ದ. ಕೈ ಚಾಚಿದ. ಬೆರಳು ಸ್ವಿಚ್ಚಿಗೆ ತಾಗುವ ಮೊದಲೇ ನಾನು ನಿಂತುಬಿಟ್ಟೆ.

ಅಜ್ಜ ಕರೆಂಟು ಹೋಯಿತೆಂದು ಬಲ್ಬು ನೋಡಿದ. ಬಲ್ಬು ಉರಿಯುತ್ತಿತ್ತು. ಸುವರ್ಣಾ ಚಪ್ಪಾಳೆ ತಟ್ಟಿದಳು. "ನೋಡಪಾ, ಇನ್ನ ತಾನ ನಿಂದರ್ತೈತಿ! ನೀ ಏಳೂದು ಬ್ಯಾಡ, ಬೀಳೂದು ಬ್ಯಾಡ."

"ಚಲೋ ಆತವ್ವಾ" ಎಂದ ಅಜ್ಜ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಏನು ಮಾಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡ. ನನ್ನ ಜಂಬ ಅಲ್ಲೇ ಇಳಿಯಿತು. ಅವತ್ತು ಅವನು ಅರ್ಧ ರೊಟ್ಟಿಗೆ ಎದ್ದ. ಹಸಿವಿಲ್ಲ ಎಂದ.

ಮರುದಿನದಿಂದ ಅಜ್ಜ ನನ್ನ ನೀರು ಕುಡಿಯಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ, ನನಗೆ ಮಾತ್ರ ಗೊತ್ತು. ಬಾಯಾರಿದರೆ ಹಿತ್ತಲಿಗೆ ಹೋಗಿ ಬೋರಿನ ನಲ್ಲಿಗೆ ಬೊಗಸೆ ಒಡ್ಡುತ್ತಿದ್ದ. ಬೇರೆ ಕೆಲಸಕ್ಕೂ ಕೈ ಹಾಕಿ ನೋಡಿದ. ಕಸಬರಿಗೆ ಹಿಡಿದರೆ ಸುವರ್ಣಾ ಕಸಿದುಕೊಂಡಳು. ಸಂತೆಗೆ ಹೊರಟರೆ ಈರಣ್ಣ, "ಮಾವಾರ, ನೀವು ಯಾಕ, ನಾ ಇದ್ದೀನಲ್ರಿ" ಎಂದ. ಎಲ್ಲರೂ ಅವನನ್ನು ಹೂವಿನ ಹಾಗೆ ನೋಡಿಕೊಂಡರು. ಅದೇ ಅವನನ್ನು ಕೊರೆಯುತ್ತಿತ್ತು.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಕೈಚೀಲ ಹಿಡಿದು ನನ್ನ ಮುಂದೆ ನಿಂತ. "ನಿನ್ನ ಮ್ಯಾಲೇನು ಸಿಟ್ಟಿಲ್ಲೋ" ಎಂದ. "ನಿನಗ ಕೆಲಸಾ ಐತಿ, ನೀ ಇರು. ನನಗಿಲ್ಲ, ನಾ ಹೊಂಟೆ." ನನ್ನ ಡಬ್ಬಿಯ ಮೇಲಿನ ಧೂಳನ್ನು ಪಂಚೆಯ ಅಂಚಿನಿಂದ ಒರೆಸಿ ಹೋದ. ಹೋಗಬೇಡ ಎನ್ನಲು ನನಗೆ ಗುಂಯ್ ಎಂಬ ಒಂದೇ ಶಬ್ದ. ಡ್ರಮ್ಮು ತುಂಬಿದ್ದರಿಂದ ಅದೂ ಬರಲಿಲ್ಲ.

ರೋಣದ ಕಡೆಯ ಹಳ್ಳಿಯಲ್ಲಿ ಅವನ ತಮ್ಮನ ಮಗನಿದ್ದ. ಅಲ್ಲಿಂದ ಫೋನು ಬಂತು, "ಸ್ವಲ್ಪ ದಿನಾ ಇದ್ದು ಬರ್ತೀನವ್ವಾ" ಎಂದು. ಊರ ಕಡೆ ಮನಸ್ಸು ಎಳೆದಿರಬೇಕು ಎಂದುಕೊಂಡಳು ಸುವರ್ಣಾ. ಬೇಸಿಗೆ ಮುಗಿದು ನಾಗರಪಂಚಮಿ ಬಂದರೂ ಅಜ್ಜ ಬರಲಿಲ್ಲ. ಸುವರ್ಣಾ ಹಬ್ಬದ ಉಂಡಿ ಕೊಡಲು ಪಕ್ಕದ ಮನೆಗೆ ಹೋದಾಗ ಆ ಮನೆಯ ಮಾಬುಬಿಗೆ ತಡೆಯಲಾಗಲಿಲ್ಲ. ಅವಳು ವಿಷಯ ಹೇಳಲು ನಮ್ಮ ಅಡುಗೆಮನೆಯವರೆಗೂ ಬಂದಳು.

"ನಿಮ್ಮಪ್ಪ ಹೋಗೂ ಮುಂದ ನಮ್ಮನಿಗೆ ಬಂದಿದ್ದ ನೋಡ. ಬ್ಯಾಡಂದ್ರೂ ಬ್ಯಾರಲ್ ತುಂಬಿಸಿಕೊಟ್ಟು ಒಂದ್ ತಂಬಿಗಿ ನೀರು ಕುಡದ. 'ಮಗಳು ನನ್ನ ಕೆಲಸಾ ತಗದಾಳ ಮಾಬುಬಿ, ಹೋಗಂತ ಬಾಯಿಬಿಟ್ಟು ಹೇಳಾಕ ಆಗಿಲ್ಲ ಅಕಿಗೆ, ನಾನ ತಿಳ್ಕೊಬೇಕು' ಅಂದ."

ಸುವರ್ಣಾ ನನ್ನ ಕಡೆ ನೋಡಿದಳು. ಹೊಲಿಗೆಯ ಕತ್ತರಿ ತಂದು, ಸ್ವಿಚ್ಚು ತೆಗೆದು, ಗುಂಡಿನ ವೈರನ್ನು ಕಚಕ್ಕನೆ ಕತ್ತರಿಸಿದಳು. ಈರಣ್ಣನನ್ನು ಕೂಗಿ ಕರೆಂಟನ್ನು ಮೊದಲಿನಂತೆ ನೇರ ಜೋಡಿಸೆಂದಳು. ಆಮೇಲೆ ಫೋನು ಹಚ್ಚಿದಳು.

"ಯಪ್ಪಾ, ಆ ಆಟೋಮ್ಯಾಟಿಕ್ ಕೆಟ್ಟ ಹೋಗೇತಿ. ದಿನಾ ಮನಿ ತುಂಬ ನೀರಾಗಾಕತ್ತೈತಿ. ನನಗ ಒಬ್ಬಾಕಿಗೆ ಸಾಕಾಗೇತಿ. ನೀ ಬರಬೇಕು."

"ಹೌದೇನವ್ವಾ? ಹಂಗಾರ ಬರಬೇಕಾತಲ್ಲ" ಎಂದಿತು ಫೋನಿನೊಳಗಿನ ಧ್ವನಿ. ಅಷ್ಟು ಹರೆಯದ ಧ್ವನಿಯನ್ನು ನಾನು ಅಜ್ಜನ ಬಾಯಲ್ಲಿ ಕೇಳಿರಲಿಲ್ಲ.

ಬಂದ ಅಜ್ಜ ಅರ್ಧಕ್ಕರ್ಧ ಇಳಿದಿದ್ದ. ಕಾಲುಗಳು ಬಾತಿದ್ದವು. ಚೀಲ ಹೊಸ್ತಿಲಲ್ಲೇ ಬಿಟ್ಟು ಸೀದಾ ನನ್ನ ಹತ್ತಿರ ಬಂದ. ಡ್ರಮ್ಮಿನ ಹಿಂದೆ ಜೋತುಬಿದ್ದಿದ್ದ ವೈರಿನ ತುದಿಯನ್ನು ಬೆರಳಿನಿಂದ ಸವರಿದ. ಕೆಟ್ಟ ವೈರು ಯಾವುದು, ಕತ್ತರಿಸಿದ್ದು ಯಾವುದು, ಯಾರಿಗೆ ತಿಳಿಯುವುದಿಲ್ಲ? ಅದನ್ನು ಯಾರಿಗೂ ಕಾಣದಂತೆ ನನ್ನ ಬೆನ್ನ ಹಿಂದೆ ತುರುಕಿ ಸ್ವಿಚ್ಚು ಹಾಕಿದ. ಅವತ್ತು ಎರಡು ರೊಟ್ಟಿ ತಿಂದ, ಚರಿಗೆ ತುಂಬ ನನ್ನ ನೀರು ಕುಡಿದ.

ಆ ಸುಖ ಬಹಳ ದಿನ ಉಳಿಯಲಿಲ್ಲ. ಕಿಡ್ನಿ ಸೋತಿವೆ ಎಂದರು ಡಾಕ್ಟರು. ಅಜ್ಜ ಏಳಲಾರದಾದ. ಅವನ ಹಟಕ್ಕೆ ಹಾಸಿಗೆಯನ್ನು ಅಡುಗೆಮನೆಯಲ್ಲಿ ನನ್ನ ಕೆಳಗೇ ಹಾಸಿದರು. ಈರಣ್ಣ ಸ್ವಿಚ್‌ಬೋರ್ಡಿಗೆ ಉದ್ದದ ವೈರು ಕೊಟ್ಟು ಹಾಸಿಗೆಯ ಪಕ್ಕಕ್ಕೆ ತಂದ. ಡ್ರಮ್ಮು ತುಂಬಿದಾಗ ಸುವರ್ಣಾ, "ಯಪ್ಪಾ, ತುಂಬೇತಿ" ಎಂದು ಅವನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಸ್ವಿಚ್ಚಿನವರೆಗೆ ಒಯ್ಯುತ್ತಿದ್ದಳು. ಒತ್ತುವುದು ಮಾತ್ರ ಅಜ್ಜನೇ. ಒತ್ತಿದ ಮೇಲೆ ಅವಳು ಗಂಜಿಯ ಚಮಚ ಬಾಯಿಗಿಟ್ಟರೆ ಸುಮ್ಮನೆ ನುಂಗುತ್ತಿದ್ದ.

ಈಗ ನಾನು ಗುಜರಿ ಅಂಗಡಿಯ ಹಿಂದೆ, ಮುರಿದ ಕುರ್ಚಿಗಳ ನಡುವೆ ಬಿದ್ದಿದ್ದೇನೆ. ಪಂಪನ್ನು ಯಾರೋ ಕೂಲರಿಗೆ ಹಾಕಲು ಬಿಚ್ಚಿಕೊಂಡು ಹೋದರು. ಇಲ್ಲಿಗೆ ಬರುವ ಫಿಲ್ಟರುಗಳೆಲ್ಲ ತಾವಾಗಿ ನಿಲ್ಲುವಂಥವೇ. ಅವುಗಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಮನುಷ್ಯರಿಗೆ ಸುಖ ಬೇಕು ನಿಜ, ಆದರೆ ಸುಖ ಕೊಡುವ ಮೊದಲು ಒಂದು ಮಾತು ಅವರನ್ನೇ ಕೇಳಬಹುದಿತ್ತು ಎಂದು ಈಗಲೂ ಅನಿಸುತ್ತದೆ. ಆ ಕೊನೆಯ ಮುಂಜಾನೆಯದನ್ನು ಹೇಳಿ ಮುಗಿಸುತ್ತೇನೆ.

ಸುವರ್ಣಾ ನನ್ನನ್ನು ಹಚ್ಚಿ ಅಪ್ಪನ ಪಕ್ಕ ಕೂತು ಕಾಯಿಪಲ್ಲೆ ಹೆಚ್ಚುತ್ತಿದ್ದಳು. ಸದ್ದು ಸಣ್ಣಗಾಯಿತು. "ಯಪ್ಪಾ, ತುಂಬೇತಿ" ಎಂದು ಕೈ ಹಿಡಿದಳು. ಹಿಡಿದವಳು ಹಾಗೇ ಕೂತಳು. ಆ ಕೈ ತಣ್ಣಗಾಗಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ಸವರುತ್ತಾ ಇದ್ದಳು. ಡ್ರಮ್ಮು ತುಂಬಿ ಹೊರಚೆಲ್ಲಿತು. ನೀರು ಕಟ್ಟೆಯಿಂದ ಇಳಿದು, ಹಾಸಿಗೆಯ ಅಂಚು ತೋಯಿಸಿ, ಹೊಸ್ತಿಲು ದಾಟಿ ಓಣಿಗೆ ಹರಿಯಿತು. ನಿಲ್ಲಬೇಕೆಂದು ನನಗೆ ಬಹಳ ಅನಿಸಿತು. ನನಗೆ ಬರುತ್ತಿರಲಿಲ್ಲ.

ನೀರು ಕಂಡು ಮಾಬುಬಿ ಓಡಿ ಬಂದಳು. "ಏ ಸುವರ್ಣಾ, ಬಂದ್ ಮಾಡಬಾರ್ದೇನ!" ಎನ್ನುತ್ತಾ ಸ್ವಿಚ್ಚಿಗೆ ಕೈ ಹಾಕಿದಳು.

ಸುವರ್ಣಾ ತಲೆ ಎತ್ತದೆ ಹೇಳಿದಳು, "ಮುಟ್ಟಬ್ಯಾಡಬೇ. ಅದು ನಮ್ಮಪ್ಪನ ಕೆಲಸಾ."