ನಾಯಿಗಳು ಮನೆಯ ಕಡೆ ತಿರುಗಿದ ದಿನ

ಹಡಗು ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಬೆಳಿಗ್ಗೆ ಎದ್ದು ಕಿಟಕಿ ತೆರೆದವರಿಗೆ ಅಲೆತಡೆಯ ಆಚೆ, ನಿನ್ನೆಯವರೆಗೂ ಬರೀ ನೀರಿದ್ದ ಕಡೆ, ಬಿಳಿಯ ಊರೊಂದು ನಿಂತಿತ್ತು. ಸಾಲುಸಾಲು ಕಿಟಕಿ, ಮಹಡಿಯ ಮೇಲೆ ಮಹಡಿ. ತೆಳು ಮಂಜಿನಲ್ಲಿ ಅದರ ಬುಡ ಕಾಣದೆ ನೀರಿಗೆ ತಾಗದಂತೆ ತುಸು ಮೇಲೆ ತೇಲುತ್ತಿರುವ ಹಾಗಿತ್ತು. ಆ ಊರಿನೊಳಗೆ ಎಲ್ಲೋ ಒಂದು ಕಡೆ ತನ್ನ ಗಂಡ ಈಗ ಹಲ್ಲುಜ್ಜುತ್ತಿರಬಹುದು ಎಂದುಕೊಂಡಳು ಮಾರೆನ್.

ಮಾರೆನ್ ಬಂದರಿನ ಹೊಗೆಮನೆಯಲ್ಲಿ ಹೆರಿಂಗ್ ಮೀನನ್ನು ಕಂಬಿಗೆ ಪೋಣಿಸಿ ಹೊಗೆಗೆ ಇಡುವವಳು. ಮೀನಿನ ಜೊತೆ ಕೆಲಸ ಅವಳಿಗೆ ಹಿಡಿಸಿತ್ತು. ಅವಕ್ಕೆ ಉತ್ತರ ಕೊಡಬೇಕಾಗಿರಲಿಲ್ಲ. ಗಂಡ ಎಸ್ಬೆನ್ ಇದೇ ದ್ವೀಪದವನು, ಇದೇ ಓಣಿಯಲ್ಲಿ ಗೋಲಿ ಆಡಿದವನು, ಈಗ ಪ್ರವಾಸಿ ಹಡಗೊಂದರಲ್ಲಿ ಅಧಿಕಾರಿ. ಚಳಿಗಾಲಕ್ಕೊಮ್ಮೆ ಬರುತ್ತಿದ್ದ, ಹಾಸಿಗೆಗೆ ಅವನ ಮೈಯ ಗುರುತು ಬೀಳುವಷ್ಟರಲ್ಲಿ ಹೊರಡುತ್ತಿದ್ದ. ಡೆನ್ಮಾರ್ಕಿನ ದೊಡ್ಡ ಬಂದರುಗಳನ್ನೆಲ್ಲ ಸುತ್ತುವ ಆ ಹಡಗು ಈ ಪುಟ್ಟ ದ್ವೀಪದ ಮುಂದೆ ಲಂಗರು ಹಾಕುತ್ತಿರುವುದು ಇದೇ ಮೊದಲು. ಒಂದು ಮಧ್ಯಾಹ್ನದ ಮಟ್ಟಿಗೆ ಅವನು ಮನೆಗೆ ಬರಲಿದ್ದ.

ಹೋದ ವಾರ ಫೋನಿನಲ್ಲಿ ಅವನು ಹೇಳಿದ್ದ: "ಕಂಪನಿಯವ್ರು ಇನ್ನೆರಡು ವರ್ಷಕ್ಕೆ ಸಹಿ ಹಾಕು ಅಂತಿದಾರೆ. ಬಂದರಿನ ಥೋರ್ಕಿಲ್ ನೋಡಿದ್ರೆ, ನಮ್ಮೂರಿಂದ ಜನರನ್ನ ದಾಟಿಸೋ ಫೆರಿಯಲ್ಲಿ ಒಂದು ಕೆಲಸ ಖಾಲಿ ಆಗ್ತಿದೆ ಅಂತ ಸುದ್ದಿ ಕಳಿಸಿದಾನೆ. ನಾನು ಅಲ್ಲಿಗೆ ಬಂದು ಹೋದ ಮೇಲೆ ಕಂಪನಿಗೆ ಉತ್ತರ ಕೊಡ್ಬೇಕು. ನೀನೇನಂತೀಯ?"

ಮಾರೆನ್‌ಳ ನಾಲಿಗೆಯ ತುದಿಗೆ 'ಇಲ್ಲೇ ಇರು' ಎಂಬುದು ಬಂದು ನಿಂತಿತ್ತು. ಎರಡೇ ಮಾತು. ಅವಳು ಉಸಿರೆಳೆದುಕೊಂಡು, "ಇಲ್ಲಿ ಗಾಳಿ ಜೋರಾಗಿದೆ" ಎಂದಿದ್ದಳು.

"ಹೌದಾ" ಎಂದಿದ್ದ ಅವನು.

ಅಂದಿನಿಂದ ಆ ಎರಡು ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಮೀನು ಪೋಣಿಸುವಾಗ ಹೇಳಿಕೊಂಡು ನೋಡಿದಳು, ಕನ್ನಡಿಯ ಮುಂದೆ ಹೇಳಿದಳು. ಎಷ್ಟು ಹೇಳಿದರೂ ಅದು ಬೇರೆ ಯಾರದೋ ಬಾಯಿಯ ಮಾತಿನಂತೆ ಕೇಳುತ್ತಿತ್ತು. ಈ ಓಣಿಯ ಹೆಂಗಸರು ಗಂಡಂದಿರನ್ನು ಇರು ಎಂದು ಕೇಳಿದ್ದು ಯಾರೂ ಕಂಡಿಲ್ಲ. ಅದನ್ನೆಲ್ಲ ಕಿಟಕಿಯ ನಾಯಿಗಳಿಗೆ ಬಿಟ್ಟಿದ್ದರು.

ಓಣಿಯ ಪ್ರತಿ ಮನೆಯ ಬೀದಿ ಕಿಟಕಿಯಲ್ಲೂ ಒಂದು ಜೊತೆ ಪಿಂಗಾಣಿ ನಾಯಿಗಳಿದ್ದವು. ಬಿಳಿ ಮೈ, ಕೆಂಚು ಕಿವಿ, ಕೊರಳಲ್ಲಿ ಚಿನ್ನದ ಬಣ್ಣದ ಸರಪಳಿ. ಮುತ್ತಜ್ಜಂದಿರು ಹಾಯಿಹಡಗಿನಲ್ಲಿ ಇಂಗ್ಲೆಂಡಿನಿಂದ ತಂದವು. ಗಂಡಸು ಕಡಲಿಗೆ ಹೋದಾಗ ನಾಯಿಗಳು ಬೀದಿಯ ಕಡೆ ಮುಖ ಮಾಡಿ ಅವನ ದಾರಿ ನೋಡುತ್ತವೆ. ಅವನು ಹೊಸಿಲು ದಾಟಿ ಒಳಗೆ ಬಂದ ಮೇಲೆ ಹೆಂಡತಿ ಅವನ್ನು ಒಳಕ್ಕೆ ತಿರುಗಿಸುತ್ತಾಳೆ. ಬಂದ ಮೇಲೆ, ಮುಂಚೆ ಅಲ್ಲ. ಅಷ್ಟೇ ಕಟ್ಟಳೆ. ಮಾರೆನ್‌ಳ ನಾಯಿಗಳ ಬೀದಿ ಕಡೆಯ ಮುಖ ಬಿಸಿಲಿಗೆ ಮಾಸಿತ್ತು, ಬೆನ್ನು ಹೊಸದರಂತಿತ್ತು.

ಬಾಗಿಲ ಮುಂದೆ ಗುಡಿಸುತ್ತಿದ್ದಾಗ ಎದುರು ಮನೆಯ ಮುದುಕಿ ದಾಗ್ನಿ ಕಿಟಕಿಯಿಂದ ತಲೆ ಹೊರಹಾಕಿದಳು. ಗಂಡನನ್ನು ಕಡಲಿಗೆ ಕಳಕೊಂಡು ಬಹಳ ವರ್ಷವಾಗಿತ್ತು ಅವಳಿಗೆ. ಕಿಟಕಿಯ ಹೊರಗೆ ಕಂಬಿಗೆ ಬಿಗಿದ ಸಣ್ಣ ಕನ್ನಡಿಯಲ್ಲಿ ಓಣಿಯ ಎರಡೂ ತುದಿಯನ್ನು ಕೂತಲ್ಲೇ ನೋಡುತ್ತಿದ್ದಳು.

"ಏನೇ ಹುಡುಗಿ, ಇವತ್ತು ನಾಯಿ ತಿರುಗಿಸ್ತೀಯೋ ಇಲ್ವೋ?"

ಮಾರೆನ್ ಪೊರಕೆಯನ್ನು ನೋಡಿದಳು. ಉತ್ತರ ಕೊಟ್ಟವಳು ರೊಟ್ಟಿಯಂಗಡಿಯ ಇಂಗರ್. ತಟ್ಟೆ ಹೊತ್ತುಕೊಂಡು ಅದೇ ದಾರಿಯಲ್ಲಿ ಬರುತ್ತಿದ್ದಳು. "ಒಂದು ಮಧ್ಯಾಹ್ನಕ್ಕೆ ಬರೋನು ಗಂಡನೋ, ನೆಂಟನೋ? ರಾತ್ರಿ ಇಲ್ಲಿ ಮಲಗಿದ್ರೆ ತಾನೇ ಮನೆಗೆ ಬಂದ ಲೆಕ್ಕ?"

"ಮಲಗೋದಕ್ಕೆ ರಾತ್ರಿನೇ ಆಗ್ಬೇಕು ಅಂತ ನಿಂಗೆ ಯಾರೇ ಹೇಳಿದ್ದು" ಎಂದಳು ದಾಗ್ನಿ.

ಇಂಗರ್ ತಟ್ಟೆ ಅಲ್ಲಾಡುವಷ್ಟು ನಕ್ಕಳು. ಮಾರೆನ್ ಕಿವಿಯವರೆಗೂ ಕೆಂಪಾಗಿ ಒಳಗೆ ಹೋದಳು.

ಊಟಕ್ಕೆ ಎಲ್ಲ ಸಿದ್ಧವಾಗಿತ್ತು. ತಾನೇ ಹೊಗೆಗಿಟ್ಟ ಹೆರಿಂಗ್, ರೈ ಹಿಟ್ಟಿನ ಕಪ್ಪು ರೊಟ್ಟಿ, ಮೂಲಂಗಿ. ಕೆನೆ ಹಾಕಿ ತಿನ್ನಲು ರೂಬಾರ್ಬ್ ದಂಟಿನ ಹುಳಿಸಿಹಿ ಪಾಯಸ. ಮೇಜಿನ ಮೇಲೆ ಎರಡು ಬಟ್ಟಲಿಟ್ಟು ಮಹಡಿಗೆ ಹತ್ತಿದಳು. ಬಂದರಿನಲ್ಲಿ ಹಡಗನ್ನು ಸ್ವಾಗತಿಸಲು ನಿಂತ ಊರ ವಾದ್ಯದವರು ಅದೇ ಒಂದು ರಾಗವನ್ನು ಮತ್ತೆ ಮತ್ತೆ ಊದುತ್ತಿದ್ದರು. ಹಡಗಿನ ಬದಿಯಿಂದ ಕಿತ್ತಳೆ ಬಣ್ಣದ ಸಣ್ಣ ದೋಣಿಯೊಂದು ಕಳಚಿಕೊಂಡು ದಡದ ಕಡೆ ಮೂತಿ ತಿರುಗಿಸಿದ್ದು ಕಾಣಿಸಿತು.

ಇದರಲ್ಲೇ ಇದ್ದಾನೆ.

ಕೆಳಗೆ ಓಡಿಬಂದು ಕಿಟಕಿಯ ಮುಂದೆ ನಿಂತಳು. ಆಗ ಒಂದು ಯೋಚನೆ ತಾನಾಗಿ ಬಂತು. ಅವನು ಓಣಿಗೆ ತಿರುಗುವಾಗಲೇ ನಾಯಿಗಳು ಒಳಗೆ ನೋಡುತ್ತಿದ್ದರೆ? ಅವನೂ ಈ ಓಣಿಯವನೇ. ಬರುವ ಮುಂಚೆ ತಿರುಗಿದ ನಾಯಿಗಳನ್ನು ಕಂಡರೆ ಒಂದು ಗಳಿಗೆ ನಿಂತುಬಿಡುತ್ತಾನೆ. ಕೇಳಬೇಕಾದ್ದನ್ನು ನಾಯಿಗಳೇ ಕೇಳಿರುತ್ತವೆ. ಅವಳು ಕಾಫಿ ಬಗ್ಗಿಸಿದರೆ ಸಾಕು. ಮೊದಲು ಎಡಗಡೆಯದನ್ನು, ಆಮೇಲೆ ಬಲಗಡೆಯದನ್ನು ತಿರುಗಿಸಿದಳು. ಪಿಂಗಾಣಿ ತಣ್ಣಗಿತ್ತು. ಎರಡೂ ಮಾಸಿದ ಮುಖ ಎತ್ತಿ, ಅಪರಿಚಿತ ಮನೆಗೆ ಬಂದವುಗಳ ಹಾಗೆ ಅವಳನ್ನು ನೋಡಿದವು.

ವಾದ್ಯ ಅರ್ಧಕ್ಕೆ ನಿಂತಿತು. ಹೊರಗೆ ನೋಡಿದರೆ ಓಣಿಯ ತುದಿ ಇರಲಿಲ್ಲ. ಕಡಲ ಮಂಜು ದಡಕ್ಕೆ ಬಂದುಬಿಟ್ಟಿತ್ತು. ಜೂನ್ ಮೊದಲ ದಿನಗಳಲ್ಲಿ ಅದು ಹೀಗೇ ಬರುತ್ತದೆ, ಯಾರೋ ಹಾಲು ಚೆಲ್ಲಿದಂತೆ. ಕಿತ್ತಳೆ ದೋಣಿ ಅರ್ಧ ದಾರಿಯಲ್ಲೇ ಹಿಂದಿರುಗಿತ್ತು. ಮೇಜಿನ ಮೇಲೆ ಫೋನು ಮಿನುಗಿತು: 'ಮಂಜು. ದೋಣಿಗಳನ್ನು ನಿಲ್ಲಿಸಿದ್ದಾರೆ. ಹಡಗಿನಿಂದ ದೋಣಿಗೆ ಇಳಿಸುವ ಬಾಗಿಲಲ್ಲಿ ಈಗ ನನ್ನದೇ ಕಾವಲು, ಬಿಟ್ಟು ಬರುವಂತಿಲ್ಲ. ಸಂಜೆ ಹೊರಡುತ್ತೇವೆ.'

ಫೋನಿನಲ್ಲೇ ಹೇಳಬಹುದಿತ್ತು. ಕೈಗೆತ್ತಿಕೊಂಡರೆ ಗಾಳಿ ಮಂಜಿನ ಸುದ್ದಿಯೇ ಬಾಯಿಂದ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ನಾಯಿಗಳನ್ನಾದರೂ ಹಿಂದಕ್ಕೆ ತಿರುಗಿಸೋಣವೆಂದು ಕೈ ಚಾಚಿದಳು. ಅಷ್ಟರಲ್ಲಿ ದಾಗ್ನಿಯ ಹಿತ್ತಲಿನ ಕಂಬಕ್ಕೆ, ಸಂಭ್ರಮದ ದಿನ ಏರಿಸುವ ಕೆಂಪು ಬಿಳಿ ಬಾವುಟ ಏರುತ್ತಿತ್ತು. ಕನ್ನಡಿ ಎಲ್ಲವನ್ನೂ ನೋಡಿತ್ತು.

ಬಾಗಿಲು ತಾನೇ ತೆರೆಯಿತು; ಓಣಿಯಲ್ಲಿ ಯಾರೂ ಬೀಗ ಹಾಕುವುದಿಲ್ಲ. ದಾಗ್ನಿ ಕೆನೆ ಮೆತ್ತಿದ ಕೇಕು ಹಿಡಿದು ಬಂದಳು, ಹಿಂದೆ ಇಂಗರ್, ಅವಳ ಹಿಂದೆ ಓಣಿಯ ಇನ್ನಿಬ್ಬರು.

"ಎಲ್ಲೇ ನಮ್ಮ ಹುಡುಗ?" ಎಂದಳು ದಾಗ್ನಿ.

ಮಾರೆನ್‌ಳ ಕಣ್ಣು ಯಾಕೋ ಮಹಡಿಯ ಮೆಟ್ಟಿಲ ಕಡೆ ಹೋಯಿತು.

"ಓ, ಮಲಗಿದಾನಾ" ಎಂದು ಇಂಗರ್ ಕೂಡಲೇ ದನಿ ತಗ್ಗಿಸಿದಳು. "ಪಾಪ, ರಾತ್ರಿಯೆಲ್ಲ ಕಾವಲು ಕಾದಿರ್ತಾನೆ. ಎಬ್ಬಿಸ್ಬೇಡ."

ಅಲ್ಲ ಎನ್ನಲು ಒಂದೇ ಗಳಿಗೆ ಇತ್ತು, ಅದು ಕಳೆದುಹೋಯಿತು. ಎಲ್ಲರೂ ತುದಿಗಾಲಲ್ಲಿ ನಡೆದು ಮೇಜಿನ ಸುತ್ತ ಕೂತರು. ಬಟ್ಟಲು ತಟ್ಟೆಗೆ ತಾಗದ ಹಾಗೆ ಕಾಫಿ ಕುಡಿದರು.

"ದಪ್ಪ ಆಗಿದಾನಾ?" ಇಂಗರ್ ಪಿಸುಗುಟ್ಟಿದಳು.

"ಹಡಗಿನ ಊಟ ಕಣೇ, ಆಗ್ದೆ ಇರ್ತಾನಾ" ಎಂದು ದಾಗ್ನಿಯೂ ಪಿಸುಗುಟ್ಟಿದಳು. "ಅವನಪ್ಪನ ಹಾಗೆ ಗೊರಕೆ ಹೊಡೀತಾನೇನೋ ಅಂದ್ಕೊಂಡಿದ್ದೆ. ಇಲ್ಲ ನೋಡು."

ಮಾರೆನ್‌ಗೆ ವಿಚಿತ್ರ ಅನಿಸಿತು. ಕಿಟಕಿಯಾಚೆ ಏನೂ ಇಲ್ಲದ ಬಿಳುಪು, ಒಳಗೆ ಇಷ್ಟು ಜನರ ಪಿಸುಮಾತು, ಮೇಲೆ ಖಾಲಿ ಮಂಚ. ನೋಡುತ್ತಾ ನೋಡುತ್ತಾ ಅವಳಿಗೇ ಅವನು ಮೇಲೆ ಮಲಗಿದ್ದಾನೆ ಅನಿಸತೊಡಗಿತು. ಅವನ ಉಸಿರಿನಿಂದ ಹಲಗೆಗಳು ಬೆಚ್ಚಗಾಗಿವೆ. ಈ ಸುಖ ಎಷ್ಟು ಸುಲಭ ಎಂದು ಹೆದರಿಕೆಯಾಯಿತು. ಸುಮ್ಮನೆ ಕೂತರೆ ಸಂಜೆ ಹಡಗು ಹೋಗುತ್ತದೆ, ಅವನು ಸಹಿ ಹಾಕುತ್ತಾನೆ, ತಾನು ಖಾಲಿ ಮಂಚದ ಕೆಳಗೆ ಕಾಫಿ ಬಗ್ಗಿಸುತ್ತಾ ಇರುತ್ತೇನೆ.

ಅಡುಗೆಮನೆಗೆ ಹೋಗಿ ಮೀನು, ರೊಟ್ಟಿ ಬುಟ್ಟಿಗೆ ಹಾಕಿಕೊಂಡು ಹಿತ್ತಲ ಬಾಗಿಲಿಂದ ಹೊರಬಿದ್ದಳು.

ಬಂದರಿನ ಮೇಲ್ವಿಚಾರಕ ಥೋರ್ಕಿಲ್ ಕಟ್ಟೆಯ ಮೇಲೆ ಪೈಪು ಕಚ್ಚಿಕೊಂಡು ನಿಂತಿದ್ದ. ಅವಳು ಅಪ್ಪನ ಹಳೆಯ ದೋಣಿಯ ಹಗ್ಗ ಬಿಚ್ಚುವುದನ್ನು ಸುಮ್ಮನೆ ನೋಡಿದ.

"ಎಲ್ಲಿಗೆ?"

"ಅಲ್ಲಿಗೆ."

"ನಿನ್ನ ಮೂಗೇ ನಿಂಗೆ ಕಾಣಲ್ಲ, ಹಡಗು ಕಾಣುತ್ತಾ? ನಾನು ಬೇಡ ಅನ್ಬೇಕು."

"ಅನ್ನಿ."

ಅವನು ಪೈಪು ಬಾಯಿಂದ ತೆಗೆದು ಅವಳನ್ನು ಹೊಸದಾಗಿ ನೋಡಿದ. ಅವಳು ಎದುರುತ್ತರ ಕೊಟ್ಟದ್ದನ್ನು ಅವನು ಕೇಳಿದ್ದು ಅದೇ ಮೊದಲಿರಬೇಕು. "ಅದರ ಮೂತಿ ಕಡೆ ಗಂಟೆ, ಬಾಲದ ಕಡೆ ಜಾಗಟೆ ಬಾರಿಸ್ತಿರ್ತಾರೆ. ಗಂಟೆ ಬಲಕ್ಕೆ, ಜಾಗಟೆ ಎಡಕ್ಕೆ ಕೇಳೋ ಹಾಗೆ ನಡುವೆ ಹೋಗು. ಬರುವಾಗ ನಾನು ಇಲ್ಲಿ ಗಂಟೆ ಹೊಡೀತಿರ್ತೀನಿ. ಎಸ್ಬೆನ್‌ನ ಅಪ್ಪನ ಹಾಗೇ ನೀನೂ ಹಟಮಾರಿ."

"ಅವರು ನನ್ನ ಮಾವ, ಅಪ್ಪ ಅಲ್ಲ."

"ಅಂಟುಜಾಡ್ಯ ಅದು" ಎಂದ ಥೋರ್ಕಿಲ್.

ಹುಟ್ಟು ನೀರಿಗೆ ಬಿದ್ದ ಸದ್ದು ಬಿಟ್ಟರೆ ಬೇರೇನಿರಲಿಲ್ಲ. ನೀರು, ಆಕಾಶ, ಅವಳ ಮೊಣಕಾಲು, ಎಲ್ಲ ಒಂದೇ ಬಣ್ಣ. ಮುಂದೆ ಹೋಗುತ್ತಿದ್ದೇನೋ, ದೋಣಿ ನಿಂತಲ್ಲೇ ಲೋಕ ಹಿಂದೆ ಸರಿಯುತ್ತಿದೆಯೋ ತಿಳಿಯದು. ಒಂದು ಬಾತುಕೋಳಿ ಮರಿಗಳ ಸಮೇತ ಪಕ್ಕದಲ್ಲೇ ಕಾಣಿಸಿಕೊಂಡು, ಮನೆ ತಪ್ಪಿ ಬಂದವರ ಹಾಗೆ ಮರೆಯಾಯಿತು. ಬಲಕ್ಕೆ ಗಂಟೆ ಪುಟ್ಟದಾಗಿ, ಅವಸರವಾಗಿ. ಎಡಕ್ಕೆ ಜಾಗಟೆ, ನಿದ್ದೆಗಣ್ಣಿನದು. ಅವೆರಡರ ನಡುವೆ ಅವಳು ಹೇಳಿಕೊಳ್ಳುತ್ತಾ ಹೋದಳು, ಒಂದು ಎಳೆತಕ್ಕೆ 'ಇಲ್ಲೇ', ಇನ್ನೊಂದಕ್ಕೆ 'ಇರು'.

ಇದ್ದಕ್ಕಿದ್ದಂತೆ ಬಿಳುಪು ಗಟ್ಟಿಯಾಗಿ ಗೋಡೆಯಾಯಿತು. ಗೋಡೆಯ ಬುಡದಲ್ಲಿ, ನೀರಿಗೆ ಸರಿಸಮನಾಗಿ ಒಂದು ಬಾಗಿಲು. ಬಾಗಿಲಲ್ಲಿ ಹಳದಿ ದೀಪ, ದೀಪದ ಕೆಳಗೆ ಟೋಪಿ ಹಾಕಿದ ಗಂಡಸು. ಕಡಲ ನಡುವೆ ಯಾರದೋ ಮನೆಯ ಹೊಸಿಲಿನ ಹಾಗಿತ್ತು.

"ದೋಣಿ ದೂರ ಇಡಿ" ಎಂದು ಕೂಗಿದ ಎಸ್ಬೆನ್. ಆಮೇಲೆ, ದನಿಯೇ ಇಲ್ಲದೆ, "ಮಾರೆನ್?"

"ಊಟ ತಂದಿದೀನಿ" ಎಂದಳು ಅವಳು. ಇದಲ್ಲ ಹೇಳಬೇಕಾಗಿದ್ದದ್ದು.

ಅವನು ಬಗ್ಗಿ ಹಗ್ಗ ಹಿಡಿದುಕೊಂಡ. ಬಾಗಿಲ ಒಳಗೆ ಕಂಬಳಿ ಹೊದ್ದ ಪ್ರವಾಸಿಗಳು, ಇಳಿಯುವ ಆಸೆ ಬಿಡದೆ ನಿಂತಿದ್ದರು. ಮುಂದಿದ್ದ ಹೆಂಗಸು ಬುಟ್ಟಿ ನೋಡಿ ಏನೋ ಕೇಳಿದಳು.

"ಮೀನಿಗೆ ಎಷ್ಟು ಅಂತ ಕೇಳ್ತಿದಾರೆ" ಎಂದ ಎಸ್ಬೆನ್.

"ಮಾರಾಟಕ್ಕಲ್ಲ ಅನ್ನು."

ಅವನು ಹಾಗೇ ಹೇಳಿ, ಒಂದು ಹೆರಿಂಗನ್ನು ಬಾಲ ಹಿಡಿದೆತ್ತಿ ನಿಂತಲ್ಲೇ ತಿನ್ನತೊಡಗಿದ. ಬೆರಳಿಗೆಲ್ಲ ಹೊಗೆಯ ಚಿನ್ನದ ಬಣ್ಣ ಹತ್ತಿತು. ಅವನು ದಪ್ಪವಾಗಿರಲಿಲ್ಲ. ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ನಾಯಿ ತಿರುಗಿಸಿದೆ" ಎಂದಳು ಮಾರೆನ್.

ಅವನ ದವಡೆ ನಿಂತಿತು. "ನಾನು ಬರೋದಕ್ಕೆ ಮುಂಚೆ?"

"ಮುಂಚೆ. ದಾಗ್ನಿ ನೋಡಿಬಿಟ್ಲು. ಎಲ್ಲ ನಮ್ಮನೇಲಿ ಕೂತು ಕೇಕು ತಿಂತಿದಾರೆ. ನೀನು ಮೇಲೆ ಮಲಗಿದೀಯ ಅಂದ್ಕೊಂಡು ಪಿಸುಪಿಸು ಮಾತಾಡ್ತಿದಾರೆ."

ಎಸ್ಬೆನ್ ನಗಲು ಹೋದ, ಅವಳ ಮುಖ ನೋಡಿ ನಗಲಿಲ್ಲ. ಗಂಟೆ ಬಾರಿಸಿ ನಿಂತಿತು.

"ಅವತ್ತು ನಾನು ಕೇಳಿದ್ದಕ್ಕೆ ನೀನು ಗಾಳಿ ಜೋರಾಗಿದೆ ಅಂದೆ" ಎಂದ ಅವನು. "ನಿಂಗೆ ಒಬ್ಳೇ ಇರೋದೇ ಇಷ್ಟವೇನೋ ಅಂದ್ಕೊಂಡೆ ಕಣೇ."

"ಗಾಳಿ ಇರ್ಲಿಲ್ಲ." ಅವಳು ಹುಟ್ಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. "ಸಹಿ ಹಾಕ್ಬೇಡ, ಎಸ್ಬೆನ್. ಇಲ್ಲೇ ಇರು."

ಮಾತು ಹೊರಬಿದ್ದಿತ್ತು. ಅವಳು ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ ಅದು. ಮಂಜು ಅದನ್ನು ಹಾಗೇ ಇಟ್ಟುಕೊಂಡಿತು.

ಎಸ್ಬೆನ್ ಮೀನಿನ ಮುಳ್ಳನ್ನು ನೀರಿಗೆ ಹಾಕಿದ, ಕೈಯನ್ನು ಬಿಳಿ ಪ್ಯಾಂಟಿಗೆ ಒರೆಸಿಕೊಂಡ; ಅಧಿಕಾರಿಗಳು ಹಾಗೆ ಮಾಡಬಾರದು. ಬಗ್ಗಿ ಅವಳ ಹೆಗಲ ಮೇಲೆ ಕೈಯಿಟ್ಟ.

"ನಾಯಿಗಳು ಹಾಗೇ ಇರ್ಲಿ" ಎಂದ. "ತಿರುಗಿಸ್ಬೇಡ. ಎಲೆ ಉದುರೋ ಹೊತ್ತಿಗೆ ಈ ಹಡಗಿನ ಕೆಲಸ ಮುಗಿಯುತ್ತೆ. ಥೋರ್ಕಿಲ್‌ಗೆ ಹೇಳು, ಫೆರಿಗೆ ಬೇರೆ ಯಾರನ್ನೂ ನೋಡ್ಬೇಡ ಅಂತ."

"ನೀನೇ ಹೇಳು."

"ಏನು ಇವತ್ತು, ಎಲ್ಲದಕ್ಕೂ ಬಾಯಿ" ಎಂದು ಅವನು ಈಗ ನಕ್ಕ. "ಹೇಳ್ತೀನಿ. ಹೋಗು, ಈ ದಿನಗಳಲ್ಲಿ ಬೇಗ ಕತ್ತಲಾಗ್ದಿದ್ರೂ ಚಳಿ ಆಗುತ್ತೆ."

ಹಿಂದಿರುಗುವಾಗ ಅವಳಿಗೆ ದಾರಿ ಹುಡುಕಬೇಕಾಗಲಿಲ್ಲ. ಥೋರ್ಕಿಲ್‌ನ ಗಂಟೆ ಊರಿನ ಹಸುವಿನ ಹಾಗೆ ಮುಂದೆ ಮುಂದೆ ನಡೆಯುತ್ತಿತ್ತು.

ಮನೆಯಲ್ಲಿ ಪಿಸುಮಾತು ಇನ್ನೂ ನಡೆದಿತ್ತು. ಹಿತ್ತಲ ಬಾಗಿಲಲ್ಲಿ ಒದ್ದೆಯಾಗಿ ನಿಂತ ಅವಳನ್ನು ಕಂಡು ಇಂಗರ್ ತುಟಿಗೆ ಬೆರಳಿಟ್ಟಳು.

"ಅವನು ಮೇಲಿಲ್ಲ" ಎಂದಳು ಮಾರೆನ್, ಪಿಸುಗುಟ್ಟದೆ. "ಹಡಗಲ್ಲಿದಾನೆ. ಬಂದೇ ಇಲ್ಲ. ಎಲೆ ಉದುರೋ ಹೊತ್ತಿಗೆ ಬರ್ತಾನೆ. ಆಮೇಲೆ ಹೋಗಲ್ಲ."

ಇಂಗರ್‌ಳ ಚಮಚೆ ತಟ್ಟೆಗೆ ಬಿತ್ತು. ದಾಗ್ನಿ ಮಾತ್ರ ಕೇಕಿನ ಕೊನೆಯ ತುಣುಕನ್ನು ನಿಧಾನವಾಗಿ ಮುಗಿಸಿದಳು.

"ಗೊತ್ತಿತ್ತು ಬಿಡೇ. ಬಾಗಿಲ ಹತ್ರ ಅವನ ಮರದ ಮೆಟ್ಟಿನೊಳಗೆ ಜೇಡ ಬಲೆ ಕಟ್ಟಿದೆ."

"ಮತ್ತೆ ಯಾಕೆ ಅಷ್ಟು ಹೊತ್ತು ಪಿಸುಗುಟ್ತಿದ್ರಿ?"

ಮುದುಕಿ ಮಹಡಿಯ ಕಡೆ ಒಮ್ಮೆ ನೋಡಿದಳು. "ಮೇಲೆ ಗಂಡಸು ಮಲಗಿದಾನೆ, ಎಚ್ಚರ ಆಗ್ಬಾರ್ದು ಅಂತ ಮೆತ್ತಗೆ ಮಾತಾಡಿ ಎಷ್ಟು ಕಾಲ ಆಗಿತ್ತು ನಂಗೆ. ಚೆನ್ನಾಗಿತ್ತು. ಇನ್ನೊಂಚೂರು ಕಾಫಿ ಇದ್ರೆ ಹಾಕು."

ಇಂಗರ್ ಕಿಟಕಿಯ ಕಡೆ ಬೆರಳು ಮಾಡಿದಳು. "ಹಾಗಾದ್ರೆ ಅವನ್ನ ಹೊರಗೆ ತಿರುಗಿಸ್ಬೇಕಲ್ವಾ? ಕಟ್ಟಳೆ ಕಟ್ಟಳೇನೇ."

"ಹಾಗೇ ಇರ್ಲಿ ಅಂದಿದಾನೆ."

ಇಂಗರ್ ದಾಗ್ನಿಯ ಮುಖ ನೋಡಿದಳು. ದಾಗ್ನಿ ಭುಜ ಹಾರಿಸಿದಳು. ಮಾರೆನ್ ಕಾಫಿ ಬಗ್ಗಿಸಿದಳು, ಮೇಜಿನ ಮೇಲಿದ್ದ ಎಸ್ಬೆನ್‌ನ ಬಟ್ಟಲಿಗೂ ತುಸು ಹಾಕಿ ತಾನೇ ಕುಡಿದಳು.

ಹೊರಗೆ, ಎಲ್ಲೂ ಇಲ್ಲದ ಕಡೆಯಿಂದ, ಹಡಗು ಕೂಗಿತು. ಕಿಟಕಿಯ ಗಾಜು ಸಣ್ಣಗೆ ನಡುಗಿತು. ಓಣಿಯ ಉಳಿದ ಕಿಟಕಿಗಳಲ್ಲಿ ನಾಯಿಗಳು ಮಂಜಿನತ್ತ ನೋಡುತ್ತಿದ್ದವು. ಮಾರೆನ್‌ಳ ನಾಯಿಗಳು ಮಾತ್ರ ಆ ಕಡೆ ತಿರುಗಲಿಲ್ಲ. ಅವು ಕೆನೆ ಮೆತ್ತಿದ ಖಾಲಿ ತಟ್ಟೆಯನ್ನೂ, ಈಗ ಸಾಮಾನ್ಯ ದನಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದ ಹೆಂಗಸರನ್ನೂ ನೋಡುತ್ತಾ ಕೂತವು.