ಪೌಳಿಯ ಅಡಿಸಾಲು

ಲಾನ್‌ಹೆಡ್ರಿ ಊರು ಇನ್ನು ಸ್ವಂತ ಚರ್ಚಿನ ಪ್ಯಾರಿಷ್ ಅಲ್ಲ ಎಂದು ಬಿಷಪ್ಪರ ಅಪ್ಪಣೆಯಾಗಿ ಒಂದು ಚಳಿಗಾಲ ಕಳೆದಿತ್ತು. ಊರಿನ ಅರ್ಧ ಜನ ದಕ್ಷಿಣದ ಕಲ್ಲಿದ್ದಲ ಗಣಿಗಳಿಗೆ ಹೊರಟುಹೋಗಿದ್ದರು. ಸಂತ ಹೆಡ್ರಿ ಕಟ್ಟಿದನೆಂದು ಹೇಳುವ ಚರ್ಚಿನ ಸೂರು ಹೋಯಿತು. ಗಂಟೆಯೂ ಕಣಿವೆಯಾಚೆಯ ಪ್ಯಾರಿಷ್ಷಿನ ಪಾಲಾಯಿತು. ಉಳಿದದ್ದು ಅಂಗಳದ ಸುತ್ತಲ ಕಲ್ಲಿನ ಪೌಳಿಗೋಡೆ. ಅದರಲ್ಲಿ ಒಂದೊಂದು ಮನೆಗೂ ಒಂದೊಂದು ಪಾಲು. ಯಾರ ಪಾಲು ಕುಸಿದರೆ ಅವರೇ ಮತ್ತೆ ಕಟ್ಟುವುದು ಮುತ್ತಜ್ಜರ ಕಾಲದ ಕಟ್ಟುಪಾಡು. ಈಗ ಅವರವರೇ ಕೆಡವಿ ಗಾಡಿಗೆ ಹಾಕಬೇಕೆಂದು ಚರ್ಚಿನ ಹಿರಿಯ ತುದುರ್ ಹೇಳಿಬಿಟ್ಟ. ಕಲ್ಲು ಆಚೆಯ ಚರ್ಚಿನ ಹೊಸ ಗೋಡೆಗೆ ಬೇಕಂತೆ.

ಅಂದಿನಿಂದ ಬ್ರಿನ್‌ಕೋಹ್ ಮನೆಯ ಮಾರ್ಗೆದ್ ದಿನಾ ಒಮ್ಮೆ ತಮ್ಮ ಪಾಲಿನ ಹತ್ತಿರ ಹೋಗಿ ನಿಂತು ಬರುತ್ತಿದ್ದಳು.

ಅವರ ಪಾಲಿನ ಅಡಿಸಾಲಿನ ಕೆಳಗೆ ಅವಳ ಮೊದಲ ಕೂಸಿತ್ತು. ಹೊಳೆ ಉಕ್ಕಿ ಪಾದ್ರಿ ದಾಟಲಾಗದೆ, ದೀಕ್ಷಾಸ್ನಾನವಿಲ್ಲದೆಯೇ ಉಸಿರು ನಿಂತಿತ್ತು. ಅಂಥ ಕೂಸಿಗೆ ಚರ್ಚಿನ ಮಣ್ಣು ಸಲ್ಲದು. ಗಂಡ ಇದ್ವಾಲ್ ದನ ಹೊಡೆದುಕೊಂಡು ದೂರದ ಸಂತೆಗೆ ಹೋಗಿದ್ದ. ಅತ್ತೆಯೇ ಅದನ್ನು ಉಣ್ಣೆಬಟ್ಟೆಯಲ್ಲಿ ಸುತ್ತಿ, ಕಲ್ಲು ಸರಿಸಿ ಇಟ್ಟು ಬಂದಳು.

"ಒಳಗೂ ಅಲ್ಲ, ಹೊರಗೂ ಅಲ್ಲ ಕಣೇ. ದೇವರು ಕೈ ಚಾಚಿದ್ರೆ ಸಿಗ್ತದೆ. ನನ್ನ ಮಗನಿಗೂ ಹೇಳಬೇಡ, ಅವನ ಬಾಯಲ್ಲಿ ಮಾತು ನಿಲ್ಲಲ್ಲ."

ಕೂಸು ಹಿತ್ತಿಲ ಮುಳ್ಳುಗಿಡದ ಬುಡದಲ್ಲಿದೆ ಎಂದೇ ಇದ್ವಾಲ್ ನಂಬಿದ್ದ. ಇವತ್ತಿಗೂ ಆ ಗಿಡದ ಹತ್ತಿರ ಟೋಪಿ ತೆಗೆಯುತ್ತಿದ್ದ. ಅದನ್ನು ನೋಡಿದಾಗೆಲ್ಲ ಮಾರ್ಗೆದ್ ಬೇರೆ ಕಡೆ ಮುಖ ತಿರುಗಿಸುತ್ತಿದ್ದಳು.

ಕೆಡವುವ ದಿನ ಮೇಲಿನ ಸಾಲುಗಳೆಲ್ಲ ಮಧ್ಯಾಹ್ನದೊಳಗೆ ಗಾಡಿ ಸೇರಿದವು. ಇದ್ವಾಲ್ ಹಾರೆಯನ್ನು ಅಡಿಗಲ್ಲಿನ ಸಂದಿಗೆ ತೂರಿಸಿದ.

"ಸಾಕು ಬಿಡು," ಎಂದಳು ಮಾರ್ಗೆದ್. "ತಳದ್ದು ಮಣ್ಣಲ್ಲೇ ಇರಲಿ."

"ತಳದ್ದೇ ಬೇಕು," ತುದುರ್ ಗಾಡಿಯ ಮೇಲಿಂದಲೇ ಕೂಗಿದ. "ಒಳ್ಳೆ ದಪ್ಪ ಕಲ್ಲು. ಅಲ್ಲಿ ಅಡಿಪಾಯಕ್ಕೆ ಅವೇ ಹೇಳಿಮಾಡಿಸಿದಂತಿವೆ."

"ಯಜಮಾನ್ರೇ, ನಿಮ್ಮ ಕಾಲು ಹಿಡೀತೀನಿ..."

"ಕಲ್ಲಿಗೆ ಯಾಕಮ್ಮ ಇಷ್ಟು ರಂಪ? ಎತ್ತೋ ಇದ್ವಾಲ್!"

ಕಲ್ಲು ಒಮ್ಮೆ ಅಲುಗಿತು. ಮಾರ್ಗೆದ್ ಓಡಿಹೋಗಿ ಅದರ ಮೇಲೆ ಕುಳಿತುಬಿಟ್ಟಳು. ಹಾರೆ ಅವಳ ಲಂಗ ಹರಿದು ಪಕ್ಕದ ಮಣ್ಣಿಗೆ ನಾಟಿತು.

"ಹುಚ್ಚು ಹಿಡೀತೇನೇ ನಿನಗೆ?"

"ಮುಳ್ಳುಗಿಡದ ಬುಡದಲ್ಲಿ ಏನೂ ಇಲ್ಲ ಇದ್ವಾಲ್. ಯಾವತ್ತೂ ಇರಲಿಲ್ಲ. ಅವಳು ಇಲ್ಲಿದ್ದಾಳೆ. ನಿಮ್ಮಮ್ಮ ಇಟ್ಟಿದ್ದು."

ಇದ್ವಾಲ್ ಹಾರೆಯನ್ನು ಬಿಟ್ಟ. ಟೋಪಿ ತೆಗೆದ.

ತುದುರ್ ಗಾಡಿಯಿಂದ ಇಳಿದು ಬಂದ. "ಚರ್ಚಿನ ನಿಯಮ ಮೀರಿ ಹೂತಿದ್ದೀರಿ. ಮೇಲೇಳು. ಇಲ್ಲಾಂದ್ರೆ ನಾನೇ ಎತ್ತಿಸ್ತೀನಿ."

"ನನ್ನೂ ಸೇರಿಸಿ ಎತ್ತಿಸು ಹಾಗಾದ್ರೆ. ಆಚೆಯ ಚರ್ಚಿನ ಗೋಡೆಯಲ್ಲಿ ನನ್ನನ್ನೂ ಇಟ್ಟು ಕಟ್ಟು."

ಪಕ್ಕದ ಪಾಲಿನಲ್ಲಿ ಮುದುಕಿ ಲೋರಿ ಸೊಂಟ ಹಿಡಿದುಕೊಂಡು ನಿಂತಿದ್ದಳು. ತನ್ನ ಮನೆಯ ಅಡಿಗಲ್ಲನ್ನು ದಿಟ್ಟಿಸಿದಳು. ಮೆಲ್ಲಗೆ ಅದರ ಮೇಲೆ ಕುಳಿತಳು.

"ನಿನಗೇನಾಯ್ತು ಮುದುಕಿ?" ಎಂದ ತುದುರ್.

"ಕಾಲು ನೋವು ಕಣಪ್ಪ. ನನ್ನ ಇಬ್ಬರು ಮಕ್ಕಳ ಹತ್ತಿರ ಸ್ವಲ್ಪ ಕೂತ್ಕೋತೀನಿ."

ಅದರಾಚೆಯ ಪಾಲಿನ ಹೆಂಗಸು ಬುತ್ತಿ ಕೆಳಗಿಟ್ಟಳು, ಕುಳಿತಳು. ಯಾರೂ ಯಾರನ್ನೂ ನೋಡಲಿಲ್ಲ. ಎಷ್ಟೋ ಭಾನುವಾರ ಒಂದೇ ಬಾಗಿಲಲ್ಲಿ ಹೋಗಿಬಂದವರು, ಒಬ್ಬರ ಬಾಯಿಂದಲೂ ಈ ಗುಟ್ಟು ಹೊರಬಿದ್ದಿರಲಿಲ್ಲ.

"ಎಲ್ಲರಿಗೂ ತಲೆ ಕೆಟ್ಟಿದೆ," ಎಂದು ತುದುರ್ ಬಡಬಡಿಸಿದ. "ನನ್ನ ಪಾಲನ್ನಂತೂ ನಾನು ತಳಸಮೇತ ಕಿತ್ತು..."

ಪೌಳಿಯ ಕೊನೆಯಲ್ಲಿ, ಅವನದೇ ಪಾಲಿನ ಕಲ್ಲಿನ ಮೇಲೆ, ಅವನ ಹೆಂಡತಿ ಶಾನ್ ಕುಳಿತಿದ್ದಳು. ಎರಡೂ ಅಂಗೈಯನ್ನು ಕಲ್ಲಿಗೆ ಒತ್ತಿ ಹಿಡಿದಿದ್ದಳು, ಮುಖ ಎತ್ತಲಿಲ್ಲ.

ತುದುರ್ ಅವಳತ್ತ ನಾಲ್ಕು ಹೆಜ್ಜೆ ಹೋಗಿ ನಿಂತ. ಆಮೇಲೆ ಹಿಂದಿರುಗಿ, ಕುದುರೆಯ ಲಗಾಮು ಹಿಡಿದು, ಮೇಲಿನ ಸಾಲಿನ ಕಲ್ಲುಗಳನ್ನಷ್ಟೇ ಹೊತ್ತ ಗಾಡಿಯನ್ನು ರಸ್ತೆಗೆ ತಿರುಗಿಸಿದ.