ಗಂಟೆಗೆ ಮೂರು ಸಾವಿರದ ಆರುನೂರು ಹೆಜ್ಜೆ

ಅಪ್ಪನ ಗಡಿಯಾರ ರಿಪೇರಿ ಅಂಗಡಿಯಲ್ಲಿ ಹದಿನೇಳು ಗಡಿಯಾರಗಳು ಒಟ್ಟಿಗೆ ಟಿಕ್ ಟಿಕ್ ಎನ್ನುತ್ತಿರುತ್ತವೆ. ಬಂದವರಿಗೆ ಅದು ಗದ್ದಲ. ನನಗೆ ಅಷ್ಟು ಒಳ್ಳೆಯ ಮೌನ ಬೇರೆಲ್ಲೂ ಸಿಕ್ಕಿಲ್ಲ. ಎಂ.ಎ. ಮುಗಿಸಿದ ಮೇಲೆ ಮನೆಯವರೆಲ್ಲ ಮುಂದೇನು ಎಂದು ಕೇಳತೊಡಗಿದಾಗ, ಏನೂ ಕೇಳದ ಆ ಅಂಗಡಿಯಲ್ಲಿ ಹೋಗಿ ಕುಳಿತೆ. ಪೆಟ್ಟಿಗೆಗಳ ಧೂಳು ಒರೆಸುತ್ತೇನೆ, ಯಾರ ಗಡಿಯಾರ ಯಾವುದು ಎಂದು ಚೀಟಿ ಅಂಟಿಸುತ್ತೇನೆ. ರಾತ್ರಿ ಬೀಗ ಹಾಕುವ ಮೊದಲು ಒಂದೊಂದೇ ಲೋಲಕವನ್ನು ಬೆರಳಿಂದ ಹಿಡಿದು ನಿಲ್ಲಿಸುತ್ತೇನೆ. ಮೇಲಿನ ಮಹಡಿಯ ಟೈಲರಿಗೆ ಗಂಟೆ ಬಾರಿಸಿದರೆ ನಿದ್ದೆ ಬರುವುದಿಲ್ಲ.

ಅಂಥ ಅಂಗಡಿಗೆ ಫಿಟ್‌ನೆಸ್ ಬ್ಯಾಂಡ್ ಎನ್ನುವ ಕಪ್ಪು ಪಟ್ಟಿಯನ್ನು ತಂದವಳು ಅಕ್ಕ. ಅವಳು ಬೇರೆ ಊರಿನ ಆಸ್ಪತ್ರೆಯಲ್ಲಿ ಹೃದ್ರೋಗ ವಿಭಾಗದ ನರ್ಸು. ಅಪ್ಪನ ಪಾದಗಳ ಊತವನ್ನು ಬೆರಳಿಂದ ಒತ್ತಿ, ಅಲ್ಲಿ ಬಿದ್ದ ಗುಳಿ ತುಂಬಿಕೊಳ್ಳುವವರೆಗೂ ಕಾದು ನೋಡಿ, ಅಪ್ಪನ ಎಡಗೈಗೆ ಅದನ್ನು ಕಟ್ಟಿದಳು. ಹೆಜ್ಜೆ ಎಣಿಸುತ್ತದೆ, ನಾಡಿ ನೋಡುತ್ತದೆ, ಫೋನ್ ಎಲ್ಲಿಟ್ಟೆ ಎಂದು ಮರೆತರೆ ಹುಡುಕಿಕೊಡುತ್ತದೆ, ಎಲ್ಲವೂ ತನ್ನ ಮೊಬೈಲಿಗೆ ಬರುತ್ತದೆ ಎಂದು ವಿವರಿಸಿದಳು. ಆಮೇಲೆ ಶರತ್ತು ಹಾಕಿದಳು.

"ಮೂವತ್ತು ದಿನ ಬಿಟ್ಟು ಬರ್ತೀನಿ. ಅಷ್ಟರಲ್ಲಿ ದಿನಕ್ಕೆ ಆರು ಸಾವಿರ ಹೆಜ್ಜೆ ನಡೆಯೋ ಹಾಗಾಗಿರಬೇಕು. ಇಲ್ಲದಿದ್ರೆ ಈ ಕುರ್ಚಿನೂ ಬೇಡ, ಅಂಗಡಿನೂ ಬೇಡ. ಟೈಲರ್ ಜಾಗ ಕೇಳ್ತಾನೇ ಇದಾರೆ."

ಅಕ್ಕ ಹೇಳಿದರೆ ಹೇಳಿದ ಹಾಗೆ. ಅಪ್ಪ ತಲೆಯಾಡಿಸಿದರು. ಅವಳು ಹೋದ ಮೇಲೆ ಕೈಯನ್ನು ದೂರ ಹಿಡಿದು ನೋಡಿ, ಕೀ ಕೊಡಬೇಕಾದ ಗಡಿಯಾರ ನೋಡಿದ್ದೇನೆ, ನಾಲ್ಕು ದಿನಕ್ಕೊಮ್ಮೆ ಕರೆಂಟಿನ ಊಟ ಹಾಕಬೇಕಾದ ಗಡಿಯಾರ ನೋಡಿರಲಿಲ್ಲ ಎಂದರು. ಅದನ್ನು ಗಡಿಯಾರ ಎಂದು ಒಪ್ಪಲು ಅವರು ತಯಾರಿರಲಿಲ್ಲ. ಅಲ್ಲಾಡುವ ಒಂದು ಚಕ್ರವೂ ಇಲ್ಲದ್ದು ಎಂಥ ಗಡಿಯಾರ? ಆದರೂ ದಿನಕ್ಕೆ ಹತ್ತು ಸಲ ಅದರ ಸಮಯವನ್ನು ರೇಡಿಯೋ ಸಮಯದ ಜೊತೆ ಹೋಲಿಸಿ ನೋಡುತ್ತಿದ್ದರು. ಅದು ಒಂದು ಸೆಕೆಂಡೂ ತಪ್ಪುತ್ತಿರಲಿಲ್ಲ. ಅವರಿಗೆ ಅದೇ ದೊಡ್ಡ ಬೇಜಾರು.

ಮೊದಲ ದಿನದ ಹೆಜ್ಜೆ ನಾನೂರ ಹನ್ನೆರಡು. ಎರಡನೆಯ ದಿನ ಇನ್ನೂ ಕಡಿಮೆ. ಮೂರನೆಯ ದಿನ ಅಪ್ಪ ಕೂದಲೆಳೆಯಷ್ಟು ಸಣ್ಣ ಸ್ಕ್ರೂ ಒಂದನ್ನು ಚಿಮಟದಲ್ಲಿ ಎತ್ತಿದ್ದಾಗ ಪಟ್ಟಿ ಗುಂಯ್ ಎಂದು ನಡುಗಿ, ತುಂಬಾ ಹೊತ್ತು ಕುಳಿತಿದ್ದೀರಿ, ಎದ್ದು ನಡೆಯಿರಿ ಎಂದಿತು. ಸ್ಕ್ರೂ ಎಲ್ಲಿಗೋ ಹಾರಿತು. ಇಬ್ಬರೂ ನೆಲದ ಮೇಲೆ ಮಂಡಿಯೂರಿ ಅರ್ಧ ಗಂಟೆ ಹುಡುಕಿದೆವು. ಸಿಟ್ಟಿನಿಂದ ಅಪ್ಪ ಪಟ್ಟಿಯನ್ನು ಬಿಚ್ಚಿ, ಕೈಗೆ ಮೊದಲು ಸಿಕ್ಕ ಕೊಂಡಿಗೆ ನೇತುಹಾಕಿದರು. ಅದು ಗೋಡೆಯ ಮೇಲೆ ಪರೀಕ್ಷೆಗೆ ಓಡುತ್ತಿದ್ದ, ಬೆಟ್ಟದ ಮೇಲಿನ ಸಂಗೀತ ಶಾಲೆಯ ಗಡಿಯಾರದ ಲೋಲಕ, ಅದರ ಹಿತ್ತಾಳೆ ಗುಂಡಿನ ಕೆಳಗಿನ ಬಾಲ.

ಸಂಜೆ ನೋಡಿದರೆ ಹನ್ನೊಂದು ಸಾವಿರ ಹೆಜ್ಜೆ. ಲೋಲಕ ಒಂದು ಸಲ ಹೋಗಿ ಬಂದರೆ ಅದರ ಪ್ರಕಾರ ಒಂದು ಹೆಜ್ಜೆ. ನಾವು ಬೆರಗಾಗಿ ನಿಂತಿದ್ದಾಗಲೇ ಅಕ್ಕನ ಫೋನ್ ಬಂತು. ನೀನು ನನ್ನ ಮಾತು ಕೇಳುತ್ತೀಯ ಅಂದುಕೊಂಡಿರಲಿಲ್ಲ ಅಪ್ಪ ಎಂದಳು. ಅಪ್ಪ ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ. ಏನೂ ಹೇಳದಿರುವುದು ನನಗೆ ಚೆನ್ನಾಗಿ ಬರುವ ಕೆಲಸ.

ಅಲ್ಲಿಂದ ಮುಂದೆ ನಮ್ಮ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಪ್ಪನ ಕಾಲು ಮಾತ್ರ ಮೊದಲಿನಂತೆಯೇ ಮೇಜಿನ ಕೆಳಗಿತ್ತು. ಆರು ಸಾವಿರ ಆದ ಕೂಡಲೇ ಪಟ್ಟಿಯನ್ನು ತೆಗೆದಿಡಬಹುದಿತ್ತು. ಆದರೆ ಅಕ್ಕನ ಮೊಬೈಲಿನಲ್ಲಿ ಮನೆಮಂದಿಯ ಹೆಜ್ಜೆಗಳ ಯಾದಿಯೊಂದಿತ್ತು. ಅದರ ಮೇಲ್ತುದಿಯಲ್ಲಿ ದಿನವೂ ಬೆಳಿಗ್ಗೆ ಓಡುವ ಭಾವ ಇದ್ದರು. ಭಾವನನ್ನು ಹಿಂದೆ ಹಾಕುವ ಆಸೆ ಅಪ್ಪನಿಗೆ ಹತ್ತಿತು. ಅಂಗಡಿ ತೆರೆದಾಗ ಪಟ್ಟಿ ಲೋಲಕಕ್ಕೆ, ಮುಚ್ಚುವಾಗ ಕೈಗೆ. ದಿನಕ್ಕೆ ಇಪ್ಪತ್ತೆಂಟು ಸಾವಿರ ಚಿಲ್ಲರೆ. ಪಟ್ಟಿಯ ಕೆಳಗಿನ ಹಸಿರು ಬೆಳಕು ಹಿತ್ತಾಳೆಯಲ್ಲೂ ಏನನ್ನೋ ಕಂಡು, ನಾಡಿ ಐವತ್ತೆಂಟು ಎಂದು ಬರೆದುಕೊಳ್ಳುತ್ತಿತ್ತು. ಓಟಗಾರರ ಹೃದಯ ನಮ್ಮಪ್ಪನದು ಎಂದು ಅಕ್ಕ ವಾರ್ಡಿನಲ್ಲೆಲ್ಲ ಹೇಳಿಕೊಂಡು ಬಂದಳು. ಭಾವ ಹೊಸ ಶೂ ಕೊಂಡರು. ಹಲ್ಲುಜ್ಜುವಾಗಲೂ ಅಡುಗೆಮನೆಯಿಂದ ಹಜಾರಕ್ಕೆ ಓಡಾಡುತ್ತಿದ್ದಾರೆ, ಊಟದ ಮೇಜಿಗೆ ಸುತ್ತು ಹಾಕುತ್ತಿದ್ದಾರೆ ಎಂದು ಸುದ್ದಿ ಬಂತು. ಅದನ್ನು ಕೇಳಿದ ದಿನ ಅಪ್ಪ ನಕ್ಕು ನಕ್ಕು, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ಜಾರಿ ಚಹಾದ ಲೋಟಕ್ಕೆ ಬಿತ್ತು.

ಸಂಗೀತ ಶಾಲೆಯ ಗಡಿಯಾರ ಮಾತ್ರ ಯಾಕೋ ಹಿಂದೆ ಬೀಳುತ್ತಿತ್ತು. ಮೊಂಡು ಬಿದ್ದಿದೆ ಎಂದು ಅಪ್ಪ ಗುಂಡಿನ ಕೆಳಗಿನ ತಿರುಪನ್ನು ನಾಲ್ಕು ದಿನ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ, ಕೊನೆಗೆ ಗೆರೆ ಕೊರೆದಂತೆ ಸರಿಮಾಡಿದರು. ಗಡಿಯಾರ ಶಾಲೆಗೆ ಹೋಯಿತು. ಪಟ್ಟಿ ಪಕ್ಕದ ಗಡಿಯಾರಕ್ಕೆ ವರ್ಗವಾಯಿತು.

ಇಪ್ಪತ್ತೆರಡನೆಯ ದಿನ ಶಾಲೆಯ ಮೇಡಂ ಅಂಗಡಿಗೆ ಬಂದರು. ಬೆಟ್ಟದ ಮೇಲಿಂದ ಇನ್ನೂರ ಹನ್ನೆರಡು ಮೆಟ್ಟಿಲು ಇಳಿದು ಬಂದವರು ದಣಿದೂ ಇರಲಿಲ್ಲ, ಕೋಪಗೊಂಡೂ ಇರಲಿಲ್ಲ.

"ಮಕ್ಕಳಿಗೆ ನಿಮ್ಮ ಗಡಿಯಾರ ಅಂದ್ರೆ ಪ್ರಾಣ. ಬೆಳಿಗ್ಗೆ ನಾನು ಸರಿಮಾಡಿಟ್ರೂ ಸಂಜೆ ಪಾಠ ಮುಗಿಯೋ ಹೊತ್ತಿಗೆ ಐದು ನಿಮಿಷ ಮುಂದೆ ಓಡಿರುತ್ತೆ" ಎಂದರು.

ಅಪ್ಪ ಕೈಯಲ್ಲಿದ್ದ ಚಿಮಟವನ್ನು ಕೆಳಗಿಟ್ಟರು. ನಲವತ್ತು ವರ್ಷದಲ್ಲಿ ಅವರ ಕೈಯಿಂದ ಹೋದ ಒಂದು ಗಡಿಯಾರವೂ ತಪ್ಪು ಸಮಯ ತೋರಿಸಿ ವಾಪಸು ಬಂದಿರಲಿಲ್ಲ. ನಾಳೆ ಬಂದು ನೋಡುತ್ತೇನೆ ಎಂದು ಮೇಡಂರನ್ನು ಕಳಿಸಿ, ಹಳೆಯ ಟಿಪ್ಪಣಿಗಳನ್ನೆಲ್ಲ ತೆಗೆದು ಕುಳಿತರು. ಸ್ಪ್ರಿಂಗ್ ಇರಬಹುದೇ, ಹಲ್ಲು ಸವೆದಿರಬಹುದೇ ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ನಾನು ಗೋಡೆಯ ಮೇಲೆ ಆಚೀಚೆ ಓಲಾಡುತ್ತಿದ್ದ ಕಪ್ಪು ಪಟ್ಟಿಯನ್ನು ನೋಡುತ್ತಿದ್ದೆ. ಹೇಳದೆ ಇರಬಹುದಿತ್ತು.

"ಅಪ್ಪ, ಅದಕ್ಕೂ ತೂಕ ಇದೆ" ಎಂದೆ.

ಅವರು ತಲೆಯೆತ್ತಿ ಗೋಡೆ ನೋಡಿದರು. ಲೋಲಕದ ತುದಿಗೆ ಒಂದು ಗುಂಡುಪಿನ್ನು ಸಿಕ್ಕಿಸಿದರೂ ಗುರುತು ಹಿಡಿಯುವ ಮನುಷ್ಯ. ಅದನ್ನು ಗಡಿಯಾರವೆಂದು ಒಪ್ಪದ ಹಟದಲ್ಲಿ, ಅದೊಂದು ವಸ್ತು ಎಂಬುದನ್ನೂ ಮರೆತಿದ್ದರು. ಪಟ್ಟಿಯ ಭಾರಕ್ಕೆ ಹಿಂದೆ ಬಿದ್ದ ಗಡಿಯಾರವನ್ನು ತಿರುಪು ಬಿಗಿದು ಬೇಗ ಓಡಿಸಿದ್ದರು, ಭಾರ ಇಳಿದ ಮೇಲೆ ಅದು ಮುಂದೆ ಓಡದೆ ಏನು ಮಾಡೀತು? ಅವರು ಎದ್ದು ಹೋಗಿ ಪಟ್ಟಿಯನ್ನು ಬಿಚ್ಚಿ ಕೈಗೆ ಕಟ್ಟಿಕೊಂಡರು. ಆಮೇಲೆ ಎಂದೂ ಅದನ್ನು ಲೋಲಕಕ್ಕೆ ಹಾಕಲಿಲ್ಲ.

ಗಡಿಯಾರವನ್ನು ಅದು ತೂಗುವ ಗೋಡೆಯ ಮೇಲೆಯೇ ಸರಿಮಾಡಬೇಕು. ತಿರುಪನ್ನು ಕಾಲು ಸುತ್ತು ಸಡಿಲಿಸಿ, ಒಂದು ದಿನ ಕಾದು, ಅದೇ ಹೊತ್ತಿಗೆ ಮತ್ತೆ ಹೋಗಿ ನೋಡಬೇಕು. ಹಾಗಾಗಿ ಅಪ್ಪ ದಿನವೂ ಸಂಜೆ ಐದಕ್ಕೆ ಬಲಗೈಯಲ್ಲಿ ಸಲಕರಣೆಯ ಚೀಲ ಹಿಡಿದು, ಎಡಗೈಯಿಂದ ಕಂಬಿ ಹಿಡಿದು ಬೆಟ್ಟ ಹತ್ತತೊಡಗಿದರು. ಮೊದಲ ದಿನ ಒಂಬತ್ತು ಕಡೆ ಕುಳಿತರು. ಐದನೆಯ ದಿನ ಎರಡು ಕಡೆ. ಕಂಬಿಯ ಮೇಲೆ ಜಾರುವ ಕೈ ಬೀಸುವುದಿಲ್ಲವಲ್ಲ, ಪಟ್ಟಿ ಅದನ್ನು ನಡಿಗೆಯೆಂದೇ ತಿಳಿಯಲಿಲ್ಲ. ಕುಳಿತಿದ್ದಾಗ ಇಪ್ಪತ್ತೆಂಟು ಸಾವಿರ ಕೊಟ್ಟದ್ದು ಬೆಟ್ಟ ಹತ್ತಿ ಬೆವೆತವರಿಗೆ ಒಂಬೈನೂರು ಕೊಟ್ಟಿತು. ಅಕ್ಕನ ಯಾದಿಯಲ್ಲಿ ಭಾವ ಮತ್ತೆ ಮೇಲೇರಿದರು.

ಅಕ್ಕ ಫೋನ್ ಮಾಡಿದಳು, ಅಪ್ಪನಿಗಲ್ಲ, ನನಗೆ. ಅಂಗಡಿ ಮುಚ್ಚಿಸುವ ಮಾತಾಡುತ್ತಾಳೆ ಎಂದುಕೊಂಡೆ.

"ಹೆಜ್ಜೆ ಬಿದ್ದುಹೋಗಿದೆ, ಅದಿರಲಿ. ದಿನಾ ಐದು ಗಂಟೆಗೆ ಅಪ್ಪನ ನಾಡಿ ನೂರಿಪ್ಪತ್ತಾಗುತ್ತೆ. ಯಾರೇ ಅವಳು?"

ಅಪ್ಪ ಸಂಗೀತ ಶಾಲೆಗೆ ಹೋಗುತ್ತಾರೆ ಎಂದೆ. ಸಂಗೀತ ಕಲಿಯುವುದಕ್ಕಾ ಎಂದಳು. ಅಲ್ಲ ಎಂದೆ. ಆಮೇಲೆ ಎಂದಿನಂತೆ ಸುಮ್ಮನಾದೆ. ನನ್ನ ಆ ಒಂದು ಮೌನ ಅವಳಿಗೆ ಎಷ್ಟು ಅರ್ಥಗಳನ್ನು ಕೊಟ್ಟಿತೋ, ಮೂವತ್ತನೆಯ ದಿನ ಭಾವನನ್ನೂ ಕರೆದುಕೊಂಡು ಅಂಗಡಿಗೆ ಬಂದಳು. ಬಂದವಳೇ ಅಪ್ಪನ ಬಾಚಿದ ತಲೆಯನ್ನು ದಿಟ್ಟಿಸಿದಳು.

ಐದು ಗಂಟೆಗೆ ನಾಲ್ವರೂ ಹೊರಟೆವು. ಹೊಸ ಶೂ ಹಾಕಿದ್ದ ಭಾವ ಸಮತಟ್ಟು ರಸ್ತೆಯ ಓಟಗಾರರು. ನೂರ ನಲವತ್ತನೆಯ ಮೆಟ್ಟಿಲಲ್ಲಿ ಕುಳಿತು, ನೀವು ಹೋಗಿ, ನಾನು ಇಲ್ಲಿಂದಲೇ ನೋಡುತ್ತೇನೆ ಎಂದರು. ಅಕ್ಕ ಏದುಸಿರು ಬಿಡುತ್ತಿದ್ದಳು. ಅಪ್ಪ ತಿರುವಿನಲ್ಲಿ ನಿಂತು ಅವಳಿಗಾಗಿ ಕಾದರು.

ಮೇಲೆ ಮೇಡಂ ಬಾಗಿಲಲ್ಲೇ ಇದ್ದರು. ನಿನ್ನೆಯಿಂದ ಒಂದು ಸೆಕೆಂಡೂ ತಪ್ಪಿಲ್ಲ ಎಂದು ಹೇಳಿ ಪಾಠಕ್ಕೆ ಹೋದರು. ಹಜಾರದ ಬೆಂಚಿನ ಮೇಲೆ ಕುಳಿತು ಅಪ್ಪ ಗಡಿಯಾರವನ್ನು ನೋಡಿದರು, ಆಮೇಲೆ ಅಕ್ಕನನ್ನು.

"ಇಪ್ಪತ್ತು ದಿನ ನಡೆದದ್ದು ಲೋಲಕ ಕಣಮ್ಮ. ನಾನು ನಡೆದದ್ದು ಎಂಟು ದಿನ."

"ಗೊತ್ತು" ಎಂದಳು ಅಕ್ಕ. "ನಿನ್ನೆ ರಾತ್ರಿ ಕೂತು ನೋಡ್ದೆ. ಗಂಟೆಗೆ ಮೂರು ಸಾವಿರದ ಆರುನೂರು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಸುಳ್ಳು ಹೇಳುವಾಗ್ಲೂ ಇಷ್ಟು ಕರಾರುವಾಕ್ಕಾಗಿ ಹೇಳ್ತಾರಾ ಯಾರಾದ್ರೂ?"

ಅವಳು ಬಗ್ಗಿ ಅಪ್ಪನ ಪಾದ ಒತ್ತಿ ನೋಡಿದಳು. ಗುಳಿ ಬೀಳಲಿಲ್ಲ. ಮಣಿಕಟ್ಟಿನ ಪಟ್ಟಿಯನ್ನು ಪಕ್ಕಕ್ಕೆ ಸರಿಸಿ ಮೂರು ಬೆರಳಿಟ್ಟು, ಕಣ್ಣೆತ್ತಿ ಗೋಡೆಯ ಗಡಿಯಾರ ನೋಡುತ್ತ, ಲೋಲಕ ಮೂವತ್ತು ಸಲ ಹೋಗಿ ಬರುವವರೆಗೆ ನಾಡಿ ಎಣಿಸಿದಳು. ಅಷ್ಟರಲ್ಲಿ ಪಟ್ಟಿ ಗುಂಯ್ ಎಂದು, ತುಂಬಾ ಹೊತ್ತು ಕುಳಿತಿದ್ದೀರಿ, ಎದ್ದು ನಡೆಯಿರಿ ಎಂದಿತು.

ಮೊದಲು ನಕ್ಕವಳು ಅಕ್ಕ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಟೈಲರಿಗೆ ಬೇರೆ ಜಾಗ ನೋಡ್ಕೊಳ್ಳೋಕೆ ಹೇಳು. ಆದ್ರೆ ಈ ಗಡಿಯಾರಕ್ಕೆ ಕೀ ಕೊಡೋಕೆ ದಿನಾ ನೀನೇ ಬರಬೇಕು."

ವಾರಕ್ಕೊಮ್ಮೆ ಕೊಟ್ಟರೆ ಸಾಕು ಎಂದು ಅಪ್ಪ ಹೇಳಹೋದರು. ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ಗಂಟೆ ಬಾರಿಸಿತು. ಸರಿಯಾದ ಹೊತ್ತಿಗೆ ಪಾಠ ಮುಗಿಸಿ ಹೊರಬಂದ ಮಕ್ಕಳು ತಮ್ಮ ಐದು ನಿಮಿಷ ಕಸಿದುಕೊಂಡವರನ್ನು ಗುರ್ರೆಂದು ನೋಡಿದವು.

ಇಳಿಯುವ ಮೊದಲು ನಾನು ಅಪ್ಪನ ಕೈಯಿಂದ ಚೀಲ ತೆಗೆದುಕೊಂಡೆ. ಕಂಬಿ ಬೇಡ ಎಂದು ಅವರು ನಡುದಾರಿಗೆ ಬಂದು, ಎರಡೂ ಕೈ ಬೀಸುತ್ತ, ನಮ್ಮೆಲ್ಲರಿಗಿಂತ ಮುಂದೆ ಇಳಿದು ಹೋದರು.